ಒಂದೇ ಪೆಟ್ಟಿಗೆಯ ಬೀಗಗಳು

ಗಾಳಿ ಅಷ್ಟು ಜೋರಾಗೇನೂ ಇರಲಿಲ್ಲ. ಆದರೂ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬೀಗದಣ್ಣ ಹೊಸ್ತಿಲು ದಾಟಿ ಬಗ್ಗಿದ್ದೇ ತಡ, ಬೆನ್ನ ಹಿಂದೆ ಬಾಗಿಲು ದಡಾರೆಂದು ಮುಚ್ಚಿಕೊಂಡಿತು. ಬೀಗ ತಾನಾಗಿಯೇ ಬಿತ್ತು. ಕೀಲಿಕೈ ಒಳಗೆ, ಇಸ್ತ್ರಿ ಮಾಡಿಟ್ಟ ಹೊಸ ಅಂಗಿ ಒಳಗೆ. ತಂಗಿಯ ಮನೆಗೆ ಹೋದ ಹೆಂಡತಿ ಬರುವುದು ಮಧ್ಯಾಹ್ನಕ್ಕೆ. ಹೊರಗೆ ಉಳಿದದ್ದು ಒಂದು ಬನಿಯನ್ನು, ಒಂದು ಟವೆಲ್ಲು, ಅರ್ಧ ಗಲ್ಲಕ್ಕೆ ಸೋಪಿನ ನೊರೆ, ಮತ್ತು ಬೀಗದಣ್ಣ.

ಬೇರೆ ದಿನವಾಗಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯಬಹುದಿತ್ತು. ಆದರೆ ಇವತ್ತು ಹತ್ತು ಗಂಟೆಗೆ ಬೀಗದ ಕಾರ್ಖಾನೆಯಲ್ಲಿ ಅವನಿಗೆ ಸನ್ಮಾನ. ಇಷ್ಟು ವರ್ಷ ಬೀಗಗಳನ್ನು ತಿರುಗಿಸಿ, ಎಳೆದು, ಪಾಸು ಮಾಡಿದ ಕೈಯನ್ನು ಮಾಲೀಕರು ಎಲ್ಲರೆದುರು ಕುಲುಕುವವರಿದ್ದರು. ಅವನಿಗಾಗಿ ವೇದಿಕೆಯ ಮೇಲೆ ಯಾರಾದರೂ ಕುರ್ಚಿ ಹಾಕಿಸಿದ್ದು ಇದೇ ಮೊದಲು.

ಸದ್ದಿಗೆ ಪಕ್ಕದ ಮನೆ ಮೇಷ್ಟ್ರು ಹಲ್ಲುಜ್ಜುತ್ತಲೇ ಹೊರಬಂದರು. ಕೆಳಮನೆ ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಬೀಗ ಬಿತ್ತಾ? ಅದಕ್ಯಾಕೆ ಇಷ್ಟು ಬೆವರ್ತಿದೀಯಪ್ಪಾ? ನನ್ನ ಕೀ..."

"ಅಜ್ಜಿ, ಸುಮ್ನಿರಿ!" ಬೀಗದಣ್ಣ ಹೌಹಾರಿದ. "ಇದು ನಮ್ಮ ಕಾರ್ಖಾನೆ ಬೀಗ. ಒಂದರ ಕೀ ಇನ್ನೊಂದಕ್ಕೆ ಆಗೋದೇ ಇಲ್ಲ!"

"ಹಾಗಂತ ದಿನಾ ಹೇಳ್ತಿರ್ತೀಯ ಬಿಡು," ಎಂದಳು ಅಜ್ಜಿ.

ಹೇಳುತ್ತಿದ್ದದ್ದು ನಿಜ. ಆ ಕಟ್ಟಡದ ಎಲ್ಲ ಬಾಗಿಲುಗಳಿಗೂ ಬೀಗ ಹಾಕಿಸಿದ್ದು ಅವನೇ. ಕಾರ್ಖಾನೆಯ ಯಂತ್ರ ಒಂದು ಪೆಟ್ಟಿಗೆ ತುಂಬುವಷ್ಟು ಬೀಗಗಳ ಕೀಲಿಕೈಗಳನ್ನು ಒಂದೇ ಅಚ್ಚಿನಲ್ಲಿ ಕೊರೆಯುತ್ತದೆ; ಆಮೇಲೆ ಅಚ್ಚು ಬದಲು. ಬೇರೆ ಬೇರೆ ಪೆಟ್ಟಿಗೆಗಳ ಬೀಗಗಳನ್ನು ಬೆರೆಸಿ ಅಂಗಡಿಗೆ ಕಳಿಸುವುದು ಗೋದಾಮಿನವರ ಕೆಲಸ. ನೆರೆಯವರಿಗೆ ಉಪಕಾರ ಮಾಡುವ ಉತ್ಸಾಹದಲ್ಲಿ ಬೀಗದಣ್ಣ ಗೋದಾಮಿನ ತನಕ ಕಾಯದೆ, ಯಂತ್ರದ ಬುಡದಿಂದಲೇ ಒಂದು ಇಡೀ ಪೆಟ್ಟಿಗೆ ಹೊತ್ತು ತಂದಿದ್ದ. ಕೊನೆಗೆ ಉಳಿದ ಒಂದು ಬೀಗವನ್ನು ಕಾರ್ಖಾನೆಯ ತನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಇಟ್ಟುಕೊಂಡಿದ್ದ.

ಮಾಡಿದ್ದೇನೆಂದು ತಿಳಿದದ್ದು ಒಂದು ಸಂಜೆ. ದಣಿದು ಬಂದವನು ಒಂದು ಮಹಡಿ ಕಡಿಮೆ ಹತ್ತಿ, ಕೀಲಿಕೈ ತಿರುಗಿಸಿ, ಒಳಹೋಗಿ ಚಪ್ಪಲಿ ಬಿಟ್ಟ. ಎದುರಿಗೆ ಮಂಚದ ಮೇಲೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನಂತೆ ಹೊರಬಂದ. ಅಂದಿನಿಂದ ಯಾರ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಅವನ ಎದೆ ಧಸಕ್ಕೆನ್ನುತ್ತಿತ್ತು. ಹೇಳಿಬಿಡೋಣವೆಂದು ಎಷ್ಟೋ ಸಲ ಹೊರಟ. ಬಾಯಿ ತೆರೆದರೆ ಬರುತ್ತಿದ್ದದ್ದು ಬೀಗದ ಗುಣಗಾನವೇ.

ಮೇಷ್ಟ್ರು ಹೆಂಡತಿಯ ಹೇರ್‌ಪಿನ್ನು ತಂದು ತೂತಿಗೆ ಹಾಕಿದರು. ಪಿನ್ನು ಒಳಗೇ ಮುರಿಯಿತು.

"ಭಾರಿ ಗಟ್ಟಿ ಕಣ್ರೀ ನಿಮ್ಮ ಬೀಗ!"

ಯಾವಾಗಲೂ ಹಿಗ್ಗಿಸುತ್ತಿದ್ದ ಮಾತಿಗೆ ಬೀಗದಣ್ಣನಿಗೆ ಇವತ್ತು ಅಳು ಬಂತು. ಮೇಷ್ಟ್ರ ಕಿಟಕಿಯಿಂದ ಹೊರಗಿಳಿದು ತನ್ನ ಕಿಟಕಿ ಹಿಡಿಯಲು ಹೊರಟ. ನಡುದಾರಿಯಲ್ಲಿ ಟವೆಲ್ಲು ನೀರಿನ ಪೈಪಿಗೆ ಸಿಕ್ಕಿಕೊಂಡಿತು. ಅದನ್ನು ಅಲ್ಲೇ ಬಿಟ್ಟು ವಾಪಸು ಬಂದವನಿಗೆ ಮೇಷ್ಟ್ರು ಮುಖ ತಿರುಗಿಸಿ ಒಂದು ಹೂವಿನ ಬೆಡ್‌ಶೀಟು ಕೊಟ್ಟರು.

ಕೊನೆಗೆ ಬಡಗಿಯನ್ನು ಕರೆಸಿದರು. ಪಿನ್ನಿನ ತುಂಡು ಹೊರತೆಗೆದು ಅವನು ಹೇಳಿದ: "ಅಣ್ಣಾ, ಅಕ್ಕಪಕ್ಕದೋರ ಕೀ ಒಂದ್ಸಲ ಹಾಕಿ ನೋಡೋಣ್ವಾ? ಕೆಲವು ಸಲ ಆಗ್ಬಿಡತ್ತೆ."

ಅಜ್ಜಿ ಸೊಂಟದ ಸಂಚಿಗೆ ಕೈ ಹಾಕಿದಳು.

"ಒಡೀರಿ!" ಬೀಗದಣ್ಣ ಚೀರಿದ. "ಬಾಗಿಲೇ ಒಡೀರಿ!"

ಬಡಗಿ ಒಡೆದ. ಬೀಗ ಜಗ್ಗಲಿಲ್ಲ, ಚೌಕಟ್ಟು ಸೀಳಿ, ಬಾಗಿಲು ನಡುವೆ ಬಿರಿದು ಧೊಪ್ಪನೆ ಒಳಗೆ ಬಿತ್ತು. ಅಷ್ಟು ಹೊತ್ತಿಗೆ ಹನ್ನೊಂದೂವರೆ. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. "ಎಲ್ಲಿದ್ದೀರಿ? ಖಾಲಿ ಕುರ್ಚಿಗೇ ಚಪ್ಪಾಳೆ ತಟ್ಟಿದ್ವಿ," ಎಂದ ಸಹೋದ್ಯೋಗಿ. "ಉಡುಗೊರೆ ನಾನೇ ತಂದ್ಕೊಡ್ತೀನಿ ಬಿಡಿ."

ಆಗ ಹೆಂಡತಿ ಬಂದಳು. ಬಾಗಿಲು ನೋಡಿದಳು, ಬೆಡ್‌ಶೀಟು ನೋಡಿದಳು.

"ಅಜ್ಜಿ, ನೀವಿರ್ಲಿಲ್ವಾ? ನಿಮ್ಮ ಕೀ ಹಾಕಿ ತೆಗೀಬಾರ್ದಿತ್ತಾ?"

"ಹೇಳೋಕೇ ಬಂದೆ ಕಣಮ್ಮಾ. ನಿನ್ನ ಗಂಡ ಬಿಟ್ರೆ ತಾನೇ!"

ಬೀಗದಣ್ಣ ಎಲ್ಲರ ಮುಖ ನೋಡಿದ. "ನಿಮಗೆ... ಗೊತ್ತಿತ್ತಾ?"

"ನನ್ನ ಕೀ ಕಳೆದು ಯಾವ ಕಾಲ ಆಯ್ತು," ಎಂದಳು ಹೆಂಡತಿ. "ಯಾರು ಸಿಗ್ತಾರೋ ಅವರದ್ದು ಇಸ್ಕೊಂಡು ತೆಗೀತೀನಿ."

ಮೇಷ್ಟ್ರು ನೆಲ ನೋಡಿದರು. "ನಾವೂ ಅಷ್ಟೇ. ನೀವು ಅಷ್ಟು ಹೆಮ್ಮೆಯಿಂದ ಹೇಳ್ತಿದ್ರಿ, ಮನಸ್ಸಿಗೆ ನೋವಾಗತ್ತೆ ಅಂತ ಯಾರೂ ಬಾಯಿಬಿಡ್ಲಿಲ್ಲ."

"ಅವತ್ತು ನಮ್ಮನೇಲಿ ಚಪ್ಪಲಿ ಬಿಟ್ಯಲ್ಲ, ನಾನು ಎದ್ದೇ ಇದ್ದೆ," ಎಂದಳು ಅಜ್ಜಿ ಮೆಲ್ಲಗೆ. "ಗೊರಕೆ ಹೊಡೆದಿದ್ದು ನಿನಗೋಸ್ಕರ ಕಣಪ್ಪಾ."

ಬೀಗದಣ್ಣ ಬಿದ್ದ ಬಾಗಿಲ ಮೇಲೆಯೇ ಕೂತ. ಎಷ್ಟೊಂದು ಸಂಜೆ ಇವರೆಲ್ಲ ತನ್ನ ಸುಳ್ಳಿಗೆ ತಲೆಯಾಡಿಸಿದ್ದರು! ತಾನು ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಬಾಗಿಲೂ ಉಳಿಯುತ್ತಿತ್ತು, ಕುರ್ಚಿಯೂ ಸಿಗುತ್ತಿತ್ತು. ಇನ್ನು ಮುಂದೆ ಸುಳ್ಳು ಸಾಕು ಎಂದುಕೊಂಡ; ಮನಸ್ಸು ಒಂದಿಷ್ಟು ಹಗುರಾಯಿತು.

ಸಂಜೆ ಸಹೋದ್ಯೋಗಿ ಉಡುಗೊರೆಯ ಡಬ್ಬಿ ತಂದ. ಮಖಮಲ್ಲಿನ ಮೇಲೆ ಬಂಗಾರದಂತೆ ಹೊಳೆಯುವ ಒಂದು ಬೀಗ.

"ನಿಮ್ಮ ಮೇಜಿನ ಮೇಲಿತ್ತಲ್ಲ, ಅದೇ ಬೀಗಕ್ಕೆ ಮಾಲೀಕರು ಚಿನ್ನದ ನೀರು ಹಾಕಿಸಿದ್ದಾರೆ. ಇಂಥ ಬೀಗ ಜಗತ್ತಿಗೇ ಒಂದು ಅಂತ ಭಾಷಣ ಬೇರೆ ಮಾಡಿದ್ರು. ಕೀ ಮಾತ್ರ ಎಲ್ಲಿ ಹೋಯ್ತೋ, ಸಿಗ್ಲಿಲ್ಲ."

ಅಜ್ಜಿ ಸಂಚಿಯಿಂದ ತನ್ನ ಕೀಲಿಕೈ ತೆಗೆದು ಅದಕ್ಕೆ ಹಾಕಿದಳು. ಬೀಗ ಬೆಣ್ಣೆಯಂತೆ ತಿರುಗಿತು.

ಸಹೋದ್ಯೋಗಿ ಕಣ್ಣರಳಿಸಿದ. "ಅರೆ! ಇದು ಹೇಗೆ?"

ಎಲ್ಲರೂ ಬೀಗದಣ್ಣನ ಕಡೆ ನೋಡಿದರು. ಅವನು ಬಾಯಿ ತೆರೆದ.

"ಅದು... ಅಜ್ಜಿಗೇ ಅಂತ ನಾನು ಬೇರೆ ಮಾಡಿಸಿದ್ದು," ಎಂದ. "ನಮ್ಮ ಕಾರ್ಖಾನೇಲಿ ಒಂದರ ಕೀ ಇನ್ನೊಂದಕ್ಕೆ ಆಗೋದೇ ಇಲ್ಲ."

ಅಜ್ಜಿ, ಮೇಷ್ಟ್ರು, ಹೆಂಡತಿ ಎಂದಿನಂತೆ ತಲೆಯಾಡಿಸಿದರು.