ಸರೋಜಕ್ಕ ನಮ್ಮ ಬಾಗಿಲಿಗೆ ಬರಲಿಲ್ಲ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದೂ ನೆಂಟರೆದುರಿಗೆ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ. ಪಕ್ಕದ ಮನೆಯವರು ಕಾರು ತಂದಾಗ ಚಕ್ರದಡಿ ಇಡುವ ನಿಂಬೆಹಣ್ಣನ್ನು ತಂದುಕೊಟ್ಟವನು ನಾನೇ. ಭಾವಮೈದ ಮಹಡಿ ಕಟ್ಟಿಸಿದಾಗ ಗೃಹಪ್ರವೇಶದಲ್ಲಿ ಸಂತೋಷವಾಗಿ ಎರಡು ಸಲ ಪಾಯಸ ಹಾಕಿಸಿಕೊಂಡೆ. ಹಣ, ಮನೆ, ಬಂಗಾರ ನನ್ನನ್ನು ಏನೂ ಮಾಡುವುದಿಲ್ಲ. ನನ್ನನ್ನು ಸುಡುವುದು ಸಂಬಳವಿಲ್ಲದ ಪದವಿಗಳು. ದೇವಸ್ಥಾನದಲ್ಲಿ ಮೈಕು ಹಿಡಿದು ‘ಎಲ್ಲರೂ ಸಾಲಾಗಿ ಬನ್ನಿ’ ಎನ್ನುವವನು, ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರ ಮಾತಿಗೂ ನಿಲ್ಲದೆ ಓಡಾಡುವವನು, ಇಂಥವರನ್ನು ಕಂಡರೆ ನನಗೆ ಆ ಹೊತ್ತಿನ ಊಟ ಸೇರುವುದಿಲ್ಲ. ಇಂಥವರಲ್ಲೆಲ್ಲ ಮೊದಲನೆಯವರು ನಮ್ಮ ಬೇಸ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ ರಂಗಣ್ಣನವರು.

ಸೇಲಂನಲ್ಲಿ ಬೇಸ್‌ಬಾಲೇ ಎಂದು ನೀವು ಹುಬ್ಬೇರಿಸಬಹುದು. ಸೇಲಂನವರೂ ಏರಿಸುತ್ತಾರೆ. ನೇಕಾರರ ಮನೆಯಲ್ಲಿ ಹುಟ್ಟಿದ ರಂಗಣ್ಣನವರು ಕಾಲೇಜಿನಲ್ಲಿ ಯಾರೋ ಡ್ರಿಲ್ ಮೇಷ್ಟ್ರ ಕೈಗೆ ಸಿಕ್ಕಿ ಈ ಆಟ ಕಲಿತರು. ಆಮೇಲೆ ನಮ್ಮ ಬೀದಿಗೆಲ್ಲ ಅಂಟಿಸಿದರು. ಅವರ ಮನೆಯ ಮಗ್ಗದ ಗುಂಡಿಯಲ್ಲಿ ಈಗ ಮಗ್ಗವಿಲ್ಲ, ಬ್ಯಾಟುಗಳಿವೆ. ಓಟಗಾರರು ಮುಟ್ಟಬೇಕಾದ ನಾಲ್ಕು ಮೂಲೆಗಳಲ್ಲಿ ಮೂರು, ಹರಿದ ನೂಲು ತುಂಬಿ ಸರೋಜಕ್ಕ ಹೊಲಿದುಕೊಟ್ಟ ದಿಂಬುಗಳು. ಸರೋಜಕ್ಕ ಎಂದರೆ ರಂಗಣ್ಣನವರ ಹೆಂಡತಿ. ಓಮಲೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಮೈದಾನ. ಪ್ರತಿ ಭಾನುವಾರ ಆಡುವವರು ಹದಿನೈದು ಜನ, ನೋಡುವವರು ಹನ್ನೊಂದು ಜನ. ನಾನು ಆ ಹನ್ನೊಂದರಲ್ಲಿ ಒಬ್ಬ. ಬಿ.ಎಸ್ಸಿ. ಓದಿದ್ದೇನೆ, ಸಬ್ಬಕ್ಕಿ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಒಮ್ಮೆಯೂ ಬ್ಯಾಟು ಹಿಡಿದಿಲ್ಲ. ಸೆಕ್ರೆಟರಿಯಾಗಲು ಬ್ಯಾಟು ಹಿಡಿಯಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಈ ಅಭಿಪ್ರಾಯವನ್ನು ಯಾರಾದರೂ ಕೇಳಬೇಕಲ್ಲ.

ನಾವು ಹನ್ನೊಂದು ಜನ ಆಟ ನೋಡುವುದಕ್ಕಿಂತ ಹೆಚ್ಚಾಗಿ ಸೆಲ್ವರಾಜನ ಟೀ ಅಂಗಡಿಯಲ್ಲಿ ಕುಳಿತು ರಂಗಣ್ಣನವರ ಭವಿಷ್ಯ ನೋಡುತ್ತೇವೆ. ಇಪ್ಪತ್ತೆರಡು ವರ್ಷದಿಂದ ಅವರೇ ಸೆಕ್ರೆಟರಿ. ಆಟಗಾರರನ್ನು ಆರಿಸುವವರು ಅವರು, ಹರೂರಿನ ತಂಡಕ್ಕೆ ಫೋನು ಮಾಡುವವರು ಅವರು, ಚೆಂಡಿನ ಹೊಲಿಗೆ ಬಿಟ್ಟರೆ ಮೇಣ ಹಚ್ಚಿದ ದಾರದಲ್ಲಿ ಹಾಕುವವರೂ ಅವರೇ. ಅವರು ಒಂದು ಸಲ ಸೀನಿದರೆ ಸಾಕು, ಟೀ ಅಂಗಡಿಯಲ್ಲಿ ಯಾರಾದರೂ “ಇವರು ಬಿಟ್ರೆ ಅಡುತ್ತ ಆಳು ಯಾರ್ಲಾ?” ಎಂದು ಶುರು ಮಾಡುತ್ತಾರೆ. ಮನೆಯಲ್ಲಿ ನಮ್ಮದು ಕನ್ನಡ, ಆದರೆ ಮುಂದಿನ ಮನುಷ್ಯ ಯಾರು ಎಂಬಂಥ ದೊಡ್ಡ ಪ್ರಶ್ನೆಗೆ ತಮಿಳೇ ಬೇಕು. ಯಾವಾಗಲೂ ಎರಡೇ ಹೆಸರು. ಒಂದು, ಕ್ಯಾಪ್ಟನ್ ಮುರುಗೇಶ. ತಂಡವನ್ನು ಊರೂರಿಗೆ ಒಯ್ಯುವ ವ್ಯಾನು ಅವನದು. ಇನ್ನೊಂದು, ಕಾರಿಮಂಗಲದಿಂದ ಬಸ್ಸು ಹತ್ತಿ ಬರುವ ಲೋಗನಾಥನ್ ಮೇಷ್ಟ್ರು. ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ಒಮ್ಮೆ ನಾನು ಧೈರ್ಯ ಮಾಡಿ, “ಓದಿರೋರು, ಇದೇ ಊರಲ್ಲಿರೋರು, ಆಟದ ಮೇಲೆ ಪ್ರೀತಿ ಇರೋರು ಯಾರಾದ್ರೂ ಆದ್ರೆ ಚೆನ್ನಾಗಿರುತ್ತೆ” ಎಂದೆ. ಸೆಲ್ವರಾಜ ಟೀ ಎತ್ತಿ ಸುರಿಯುತ್ತಿದ್ದವನು ಕೈ ನಿಲ್ಲಿಸಿ ಬಹಳ ಯೋಚಿಸಿದ. “ಓ, ಮೇಷ್ಟ್ರ ತಮ್ಮನಾ?” ಎಂದ. ಮೇಷ್ಟ್ರಿಗೆ ತಮ್ಮನಿದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ.

ಇನ್ನು ಆ ಭಾನುವಾರದ ವಿಷಯ. ಹೇಳಲು ಹೊರಟರೆ ಈಗಲೂ ಎಡಗಿವಿ ತಣ್ಣಗಾಗುತ್ತದೆ. ಹರೂರಿನವರ ಜೊತೆ ಪಂದ್ಯ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಒಂದು ಬಲೆ ಕಟ್ಟಿರುತ್ತದೆ. ಅದು ಹರಿದು ಎಷ್ಟೋ ದಿನವಾಗಿತ್ತು. ಆ ಹರುಕಿನ ನೇರಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ರಂಗಣ್ಣನವರು ಸ್ಕೋರು ಬರೆಯುತ್ತಿದ್ದರು, ಇನ್ನೊಂದರಲ್ಲಿ ನಾನು ಕುಳಿತಿದ್ದೆ. ನಿಜ ಹೇಳುತ್ತೇನೆ, ನಾನು ಆಟ ನೋಡುತ್ತಿರಲಿಲ್ಲ. ಅವರ ಕೈಯಲ್ಲಿದ್ದ ಸ್ಕೋರು ಪುಸ್ತಕ ನೋಡುತ್ತಿದ್ದೆ. ‘ಈ ಮನುಷ್ಯ ಇದನ್ನು ಯಾವಾಗ ಕೆಳಗಿಡುತ್ತಾರೋ’ ಎಂದುಕೊಂಡೆ. ಅಷ್ಟು ಅಂದುಕೊಂಡು ಮುಗಿಸುವುದರೊಳಗೆ ಮುರುಗೇಶ ಬೀಸಿದ ಬ್ಯಾಟಿನ ಅಂಚಿಗೆ ತಗುಲಿ ಚೆಂಡು ಹಿಂದಕ್ಕೆ ಹಾರಿತು. ಬಲೆಯ ಹರುಕಿನಲ್ಲಿ ನುಗ್ಗಿ, ಅವರ ಬಲಗಿವಿಗೂ ನನ್ನ ಎಡಗಿವಿಗೂ ನಡುವೆ ಹಾದು, ಹಿಂದೆ ಸ್ಟೂಲಿನ ಮೇಲಿದ್ದ ಸ್ಟೀಲ್ ಫ್ಲಾಸ್ಕಿಗೆ ಬಡಿಯಿತು. ಫ್ಲಾಸ್ಕು ಸೊಂಟ ಮುರಿದುಕೊಂಡು ಬಿತ್ತು. ರಂಗಣ್ಣನವರು ಅಲುಗಲಿಲ್ಲ. ನಾನು ನೆಲದ ಮೇಲಿದ್ದೆ, ಕುರ್ಚಿ ನನ್ನ ಮೇಲಿತ್ತು.

ಎಲ್ಲರೂ ಓಡಿಬಂದರು. ರಂಗಣ್ಣನವರ ಸುತ್ತ ನಿಂತು “ಅಣ್ಣಾ, ಏನೂ ಆಗಿಲ್ಲ ತಾನೇ?” “ನೀರು ತನ್ನಿ ಲಾ!” “ನೋಡಿದ್ಯಾ, ಮನುಷ್ಯ ಅಲುಗಾಡ್ಲೇ ಇಲ್ಲ!” ಎಂದು ಗದ್ದಲ. ಇಬ್ಬರು ಫ್ಲಾಸ್ಕನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ನನ್ನನ್ನು ಎತ್ತಿದವರು ಯಾರೂ ಇಲ್ಲ. ಒಬ್ಬ ಮಾತ್ರ ಬಂದು ನನ್ನ ಮೇಲಿದ್ದ ಕುರ್ಚಿ ಎತ್ತಿಕೊಂಡು ಹೋದ, ರಂಗಣ್ಣನವರು ಕಾಲು ಚಾಚಿಕೊಳ್ಳಲಿ ಎಂದು.

ಅಂದಿನಿಂದ ಆ ಚೆಂಡು ನನ್ನನ್ನು ಬಿಟ್ಟಿಲ್ಲ. ಕುಕ್ಕರು ಕೂಗಿದರೆ ತಲೆ ತಗ್ಗಿಸುತ್ತೇನೆ. ಬಸ್ಸಿನಲ್ಲಿ ಯಾರಾದರೂ ಹಿಂದಿನಿಂದ ಟಿಕೆಟ್ಟಿಗೆ ಕೈ ಚಾಚಿದರೆ ಸೀಟಿನಿಂದ ಜಾರುತ್ತೇನೆ. ಓದಿದ ಭೌತಶಾಸ್ತ್ರವನ್ನೆಲ್ಲ ತೆಗೆದು, ಚೆಂಡು ಒಂದು ಗೇಣು ಇತ್ತ ಬಂದಿದ್ದರೆ ಏನಾಗುತ್ತಿತ್ತೆಂದು ಆಫೀಸಿನ ರಟ್ಟಿನ ಮೇಲೆ ಗೆರೆ ಎಳೆದು ನೋಡಿದ್ದೇನೆ. ಪ್ರತಿ ಸಲವೂ ಏನಾಗುತ್ತಿತ್ತೋ ಅದೇ ಆಗುತ್ತದೆ. ಇಷ್ಟು ದೊಡ್ಡ ಅನುಭವವನ್ನು ಟೀ ಅಂಗಡಿಯಲ್ಲಿ ಹೇಳೋಣವೆಂದು “ಚೆಂಡು ಈ ಕಡೆಯಿಂದ ಬಂತು ನೋಡಿ...” ಎಂದು ಕೈ ಎತ್ತಿದರೆ, “ಅದಿರ್ಲಿ ಸೀನಣ್ಣ, ರಂಗಣ್ಣ ಮುಂದುವರೀತಾರಾ, ಬಿಡ್ತಾರಾ?” ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಸಾವಿನ ಬಾಯಿಂದ ಬಂದವನನ್ನು ಇನ್ನೊಬ್ಬರ ರಾಜೀನಾಮೆಯ ಬಗ್ಗೆ ಕೇಳಿದರೆ ಹೇಗಾಗುತ್ತದೆ, ನೀವೇ ಹೇಳಿ.

ಮುಂದಿನ ಭಾನುವಾರ ರಂಗಣ್ಣನವರು ಮೈದಾನಕ್ಕೆ ಬರಲಿಲ್ಲ. ಜ್ವರ. ಅಷ್ಟಕ್ಕೇ ಟೀ ಅಂಗಡಿಯಲ್ಲಿ ಎರಡು ಪಕ್ಷಗಳಾದವು. ಮುರುಗೇಶನ ಕಡೆಯವರು “ವ್ಯಾನು ಇರೋನು ಸೆಕ್ರೆಟರಿ ಆಗದೆ, ಬಸ್ಸಲ್ಲಿ ಬರೋನು ಆಗ್ತಾನಾ?” ಎಂದರು. ಮೇಷ್ಟ್ರ ಕಡೆಯವರು “ಚೆಂಡು ಹೊಡೆದೋನೇ ಅವನು. ಸುಮ್ಮಾ ಇರ್ಲಾ!” ಎಂದರು. ನನ್ನ ಕಡೆ ನಾನೊಬ್ಬನೇ ಇದ್ದೆ, ನಾನೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಸರೋಜಕ್ಕ ತೀರ್ಪು ಕೊಟ್ಟರು. ಇದು ದೃಷ್ಟಿ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಬರಿ ಉಪ್ಪು ಮೆಣಸಿನಕಾಯಿ ತಲೆಯ ಸುತ್ತ ಸುಳಿದು, ಎಂದರೆ ನಿವಾಳಿಸಿ, ಒಲೆಗೆ ಹಾಕಿದರೆ ಸಾಲದು. ಯಾರಿಗೆ ಹೊಟ್ಟೆಯುರಿಯೋ ಅವರ ಕಾಲಡಿಯ ಮಣ್ಣು ತಂದು ಜೊತೆಗೆ ಸುಳಿಯಬೇಕು. ನಮ್ಮ ಕಡೆ ಇದು ಹೊಸದಲ್ಲ. ಆದರೆ ಯಾರ ಮಣ್ಣು? ಸರೋಜಕ್ಕ ಸರಳವಾಗಿ ಯೋಚಿಸಿದರು. ಸೆಕ್ರೆಟರಿ ಪದವಿಯ ಮೇಲೆ ಯಾರಿಗೆ ಆಸೆಯೋ ಅವರದೇ ಕಣ್ಣು. ಬುಧವಾರ ಬೆಳಿಗ್ಗೆ ಮುರುಗೇಶನ ಮನೆಗೆ ಹೋಗಿ, ಅವನ ಹೆಂಡತಿ ಕೊಟ್ಟ ಕಾಫಿ ಕುಡಿದು, ಬರುವಾಗ ಬಗ್ಗಿ ಹೊಸಿಲಿನ ಹೊರಗಿನ ಮಣ್ಣು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡರು. ಗುರುವಾರ ಬಸ್ಸು ಹತ್ತಿ ಕಾರಿಮಂಗಲಕ್ಕೇ ಹೋಗಿಬಂದರು. ಸುದ್ದಿ ಟೀ ಅಂಗಡಿಗೆ ಬಂದಾಗ ಯಾರೂ ಇದನ್ನು ಬೈಗುಳವೆಂದು ತಿಳಿಯಲಿಲ್ಲ. ಸೆಕ್ರೆಟರಿಯ ಮನೆಯಿಂದಲೇ ಹೊರಟ ಉಮೇದುವಾರರ ಪಟ್ಟಿ ಎಂದು ತಿಳಿದರು. ಮುರುಗೇಶ ಮೀಸೆ ಸವರಿಕೊಂಡು “ನಮ್ಮನೆ ಮಣ್ಣು ಓಯ್ತಪ್ಪಾ” ಎಂದು ಎಲ್ಲರಿಗೂ ಟೀ ಕುಡಿಸಿದ.

ಈಗ ನನ್ನ ಸ್ಥಿತಿ ನೋಡಿ. ಆ ಕ್ಷಣದಲ್ಲಿ ಕಣ್ಣು ಹಾಕಿದವನು ನಿಜವಾಗಿ ನಾನು. ಮುರುಗೇಶ ಚೆಂಡು ನೋಡುತ್ತಿದ್ದ, ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ವಿಜ್ಞಾನ ಓದಿದವನು ಇದನ್ನೆಲ್ಲ ನಂಬಬಾರದು. ನಾನು ನಂಬುವುದೂ ಇಲ್ಲ. ಆದರೆ ನಂಬುವವರಾದರೂ ಸರಿಯಾಗಿ ನಂಬಬೇಡವೇ? ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಮಂಜುಳಾ ಬಾಗಿಲು ಗುಡಿಸಲು ಪೊರಕೆ ತೆಗೆದುಕೊಂಡಳು. “ಬೇಡ, ಇರಲಿ ಬಿಡು” ಎಂದೆ.

“ಏನ್ರೀ, ಶುಕ್ರವಾರ ಬಾಗ್ಲು ಗುಡಿಸ್ಬೇಡ ಅಂತೀರಾ?”

“ನೀರು ಹಾಕಬೇಡ. ಸ್ವಲ್ಪ ಮಣ್ಣು ಇರಲಿ.”

“ಯಾಕೆ?”

“ಯಾರಾದ್ರೂ ಬಂದ್ರೆ...”

ಅವಳು ಪೊರಕೆಯನ್ನು ಸೊಂಟಕ್ಕೆ ಒತ್ತಿ ಹಿಡಿದು ನನ್ನನ್ನೇ ನೋಡಿದಳು. “ಸರೋಜಕ್ಕನಿಗೋಸ್ಕರಾನಾ? ಅಯ್ಯೋ, ನಿಮ್ಮ ಮೇಲೆ ಯಾರ‍್ರೀ ಅನುಮಾನ ಪಡ್ತಾರೆ? ಪಾಪದೋರು ನೀವು!” ಎಂದು ನಕ್ಕಳು. ಮದುವೆಯಾದಾಗಿನಿಂದ ಇಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ. ಆದರೂ ಎರಡು ದಿನ ನಮ್ಮ ಬಾಗಿಲಿಗೆ ನೀರು ಬೀಳದಂತೆ, ರಂಗೋಲಿ ಇಡದಂತೆ ನೋಡಿಕೊಂಡೆ. ಶನಿವಾರ ಸಂಜೆ ಸರೋಜಕ್ಕ ನಮ್ಮ ಬೀದಿಗೆ ಬಂದರು. ನಾನು ಮಣ್ಣು ಎದ್ದು ಕಾಣುವಂತೆ ಪಕ್ಕಕ್ಕೆ ಸರಿದು ನಿಂತೆ. ಅವರು “ಏನ್ ಸೀನಪ್ಪ, ಚೆನ್ನಾಗಿದ್ದೀಯಾ? ಮಂಜುಳಂಗೆ ಮೈ ಸರಿಯಿಲ್ವಾ, ಬಾಗ್ಲೆಲ್ಲ ಇಂಗೈತೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದಕ್ಕೆ ಹೋದರು.

ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಾವೆಲ್ಲ ರಂಗಣ್ಣನವರ ನಡುಮನೆಯಲ್ಲಿ ಸೇರಿದೆವು. ಅವರನ್ನು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿದ್ದರು. ಸರೋಜಕ್ಕ ತಟ್ಟೆಗೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಾಕಿ, ಒಂದೊಂದೇ ಪೊಟ್ಟಣ ಬಿಚ್ಚಿದರು. “ಇದು ಮುರುಗೇಶಂದು. ಇದು ಮೇಷ್ಟ್ರದು.” ಅವರಿಬ್ಬರೂ ಸನ್ಮಾನಕ್ಕೆ ಕುಳಿತವರ ಹಾಗೆ ಮುಖ ಮಾಡಿದ್ದರು. ಆಮೇಲೆ ಮೂರನೆಯ ಪೊಟ್ಟಣ ಹೊರಬಂತು. ನಾನು ಕತ್ತು ಚಾಚಿದೆ. ನನಗೇ ತಿಳಿಯದಂತೆ ಎಂದಾದರೂ ಬಂದು ತೆಗೆದುಕೊಂಡು ಹೋಗಿರಬಹುದೇ?

“ಇದು ಟೀ ಅಂಗಡಿ ಸೆಲ್ವರಾಜಂದು.”

ಸೆಲ್ವರಾಜ! ಇಷ್ಟು ವರ್ಷ ನೋಡಿಯೂ ಆಟ ತಿಳಿಯದೆ, ಚೆಂಡು ಹಿಂದಕ್ಕೆ ಹೋದರೂ ಕೈ ತಟ್ಟುವ ಮನುಷ್ಯ! ಅವನ ಕಣ್ಣಿಗೆ ಫ್ಲಾಸ್ಕು ಮುರಿಯುವ ಶಕ್ತಿಯಿದೆ, ನನ್ನದಕ್ಕಿಲ್ಲ!

ಸರೋಜಕ್ಕ ಸುಳಿದು ಎಲ್ಲವನ್ನೂ ಕೆಂಡಕ್ಕೆ ಸುರಿದರು. ಘಾಟು ಬಂದರೆ ದೃಷ್ಟಿ ಆಗಿಲ್ಲ, ಬಾರದಿದ್ದರೆ ಆಗಿದೆ ಎಂದು ಲೆಕ್ಕ. ಘಾಟು ನೆತ್ತಿಗೇರುವಂತೆ ಬಂತು. ಆದರೆ ಕೆಮ್ಮಿದರೆ ಸರೋಜಕ್ಕನ ಮಾತು ಸುಳ್ಳಾಗುತ್ತದೆ, ಮಣ್ಣು ಕೊಟ್ಟವರ ಮರ್ಯಾದೆಯೂ ಹೋಗುತ್ತದೆ. ಮುರುಗೇಶನ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. “ಏನೂ ಘಾಟೇ ಇಲ್ವಲ್ಲಾ” ಎಂದ. ಮೇಷ್ಟ್ರು ಉಸಿರು ಬಿಗಿಹಿಡಿದು ತಲೆಯಾಡಿಸಿದರು.

ಆಗ ರಂಗಣ್ಣನವರು ಮಣೆಯಿಂದ ಎದ್ದು ಪಂಚೆ ಕೊಡವಿದರು. “ತಿರುಷ್ಟಿ ಓಯ್ತು. ಮೈ ಅಗುರಾಗೈತೆ. ನೀವೆಲ್ಲ ನಾನು ಬಿಡ್ತೀನಾ ಬಿಡ್ತೀನಾ ಅಂತ ತಲೆ ಕೆಡಿಸ್ಕೊಂಡಿದ್ದೀರಂತೆ. ಬಿಡಲ್ಲ. ಇನ್ ಐದು ವರ್ಷ ನಾನೇ ನೋಡ್ಕೊತೀನಿ” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ಕೈ ನನ್ನ ಮಾತು ಕೇಳುತ್ತಿತ್ತು. ಮುಖ ಏನು ಮಾಡುತ್ತಿತ್ತೋ ನನಗೆ ಕಾಣುವಂತಿರಲಿಲ್ಲ. ಎದುರಿಗೆ ಖಾಲಿ ತಟ್ಟೆ ಹಿಡಿದು ನಿಂತಿದ್ದ ಸರೋಜಕ್ಕನಿಗೆ ಮಾತ್ರ ಕಾಣುತ್ತಿತ್ತು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು.

ನಾನು ಅಂಗಳಕ್ಕೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಹಿಂದಿನಿಂದ “ಸೀನಪ್ಪ, ಒಸಿ ನಿಲ್ಲು” ಎಂದರು ಸರೋಜಕ್ಕ. ಕೈಯಲ್ಲಿ ಪೇಪರಿನ ತುಂಡು ಇತ್ತು.

“ಏನಕ್ಕಾ?”

“ಏನಿಲ್ಲ, ಕಾಲು ಎತ್ತು.”

“ಯಾಕಕ್ಕಾ?”

“ಸುಮ್ಕೆ ಎತ್ತಪ್ಪ. ಮಂಗಳವಾರ ಇನ್ನೊಂದ್ಸಲ ಸುಳೀಬೇಕು.”

ಮುರುಗೇಶ, ಮೇಷ್ಟ್ರು, ಸೆಲ್ವರಾಜ ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುರುಗೇಶನ ಕೈ ಮೀಸೆಯ ಬಳಿ ಹೋದದ್ದು ಅಲ್ಲೇ ನಿಂತಿತ್ತು. ನಾನು ಬಲಗಾಲು ಎತ್ತಿದೆ. ಸರೋಜಕ್ಕ ಬಗ್ಗಿ, ಅಲ್ಲಿದ್ದ ಮಣ್ಣನ್ನು ಎರಡು ಬೆರಳಲ್ಲಿ ಜೋಪಾನವಾಗಿ ತೆಗೆದು ಪೇಪರಿಗೆ ಹಾಕಿ ಮಡಿಸಿದರು. ಎಲ್ಲರಿಗೂ ಕಾಣಲಿ ಎಂದು ನಾನು ಇನ್ನೂ ಸ್ವಲ್ಪ ಹೊತ್ತು ಒಂಟಿಕಾಲಲ್ಲೇ ನಿಂತಿದ್ದೆ. ಆಮೇಲೆ, ಸಾಧ್ಯವಾದಷ್ಟು ವಿನಯದಿಂದ, “ಅಕ್ಕಾ, ಎಡಗಾಲಿಂದೂ ಬೇಕಾ?” ಎಂದು ಕೇಳಿದೆ.