ಹುತ್ತೂರಿನ ಬಾಗಿಲು, ಹ್ಯಾಂಬರ್ಗಿನ ರೈಲು

ಜೂನ್ ತಿಂಗಳ ಎರಡನೆಯ ಶನಿವಾರ, ಸಂಜೆ ಐದು ಗಂಟೆಗೆ ಇದು ಆರಂಭವಾಯಿತು. ನನ್ನ ಮನಸ್ಸಿನಲ್ಲಿ ಆಗ ಹಾಸ್ಯದ ಲವಲೇಶವೂ ಇರಲಿಲ್ಲ. ಆದರೆ ನಾನು ಗಂಭೀರವಾಗಿ ಕೈಹಾಕಿದ ಕೆಲಸಗಳೇ ನಮ್ಮ ಬಂಧುವರ್ಗಕ್ಕೆ ವರ್ಷಗಟ್ಟಲೆ ನಗುವನ್ನು ಒದಗಿಸುತ್ತ ಬಂದಿವೆ. ಏಕೆಂದು ನನಗೆ ಇಂದಿಗೂ ತಿಳಿದಿಲ್ಲ.

ನಾನು ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತಳಾದವಳು. ನಮ್ಮಲ್ಲಿ ಮೋಟಾರ್‌ಸೈಕಲ್ ಓಡಿಸುವುದು ನಾನು. ಹಿಂದೆ ಕೂರುವುದು ನಮ್ಮವರು, ರೇಷ್ಮೆ ಇಲಾಖೆಯ ನಿವೃತ್ತ ಅಧಿಕಾರಿ. ಈ ವ್ಯವಸ್ಥೆಗೆ ಊರು ಒಗ್ಗಿಕೊಂಡಿದೆ. ಯುರೋಪಿನಲ್ಲಿ ವಾಹನಗಳನ್ನೂ ಅವುಗಳ ಸವಾರರನ್ನೂ ಒಟ್ಟಿಗೆ ಹೊತ್ತು ರಾತ್ರಿಯಿಡೀ ಸಾಗುವ ರೈಲುಗಳಿವೆ. ಹ್ಯಾಂಬರ್ಗ್‌ನಲ್ಲಿ ಗಾಡಿಯನ್ನು ಬಾಡಿಗೆಗೆ ಪಡೆದು, ಅಂಥ ರೈಲಿಗೆ ಹತ್ತಿಸಿ, ಬೆಳಗ್ಗೆ ಆಲ್ಪ್ಸ್ ಪರ್ವತಗಳ ನಡುವೆ ಇಳಿಸಬೇಕೆಂಬುದು ನನ್ನ ಬಹುಕಾಲದ ಆಸೆ.

"ಬೆಟ್ಟದ ಹತ್ರಾನೇ ಬಾಡಿಗೆಗೆ ಸಿಗಲ್ವೇನೇ?" ಎಂದು ನಮ್ಮವರು ಕೇಳಿದ್ದರು.

"ಸಿಗುತ್ತೆ. ಆಗ ರೈಲು ಸಿಗಲ್ಲ" ಎಂದೆ.

ಬಾಗಿಲು

ಆ ಶನಿವಾರ, ಹೊರಡುವ ಸುದ್ದಿ ತಿಳಿಸಲು ಹುತ್ತೂರಿನ ಅತ್ತೆಮನೆಗೆ ಹೋಗಿದ್ದೆವು. ಆ ಮನೆಯ ತಲೆಬಾಗಿಲು ಬಹಳ ತಗ್ಗು. ಮದುವೆಯಾಗಿ, ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬಂದ ದಿನವೇ ಅದು ನನ್ನ ಹಣೆಗೆ ಬಡಿದಿತ್ತು. "ತಲೆ ಬಗ್ಗಿಸಿ ಬಾಮ್ಮ" ಎಂದಿದ್ದರು ಅತ್ತೆ. ಬಾಗಿಲನ್ನು ಎತ್ತರಿಸುವುದೇ ಹೆಚ್ಚು ವೈಜ್ಞಾನಿಕ ಎಂದಿದ್ದೆ ನಾನು. ಅತ್ತೆ ತೀರಿಕೊಂಡ ಮೇಲೂ ಆ ವಾದ ಇತ್ಯರ್ಥವಾಗಿಲ್ಲ.

ಈಗ ಆ ಮನೆಯಲ್ಲಿರುವ ನಮ್ಮವರ ಅಕ್ಕ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೇಳಿದರು: "ಏನ್ ಮೇಡಮ್ಮ, ಗಾಡೀನ ರೈಲಿಗೆ ಹತ್ಸೋರು ಯಾರು? ಕೂಲಿಯೋರಾ?"

"ನಾನೇ ಅಕ್ಕ. ಓಡಿಸ್ಕೊಂಡೇ ಹತ್ತಿಸಬೇಕು. ಅಲ್ಲಿ ಬೇರೆಯವರು ಹತ್ತಿಸಿಕೊಡಲ್ಲ."

"ಆಗ್ದೇ ಹೋದ್ರೆ?"

"ಗಾಡಿ ಉಳಿಯುತ್ತೆ, ರೈಲು ಹೋಗುತ್ತೆ."

"ಅಬ್ಬಬ್ಬಾ! ಹಂಗೇನಾದ್ರೂ ಆದ್ರೆ ಇಲ್ಲಿಗೇ ಬಂದು ನಿಜ ಹೇಳ್ಬೇಕು. ಚೂಸ್ತಾಂ, ನೋಡೇಬಿಡೋಣ!"

"ಹೇಳೋ ಪ್ರಸಂಗವೇ ಬರಲ್ಲ ಬಿಡಿ" ಎಂದು ಎದ್ದು, ತಲೆಯೆತ್ತಿ ಹೊರಟೆ.

ಬಾಗಿಲು ತನ್ನ ಕೆಲಸ ಮಾಡಿತು.

ಟವಲ್

ಹ್ಯಾಂಬರ್ಗ್ ನಿಲ್ದಾಣದ ಪಕ್ಕದ ಅಂಗಳದಲ್ಲಿ ವಾಹನಗಳು ಸಾಲಾಗಿ ನಿಂತು ಕಾಯಬೇಕು. ನಾನು ಟಿಕೆಟ್ ತೋರಿಸುತ್ತಿದ್ದಾಗ ನಮ್ಮವರಿಗೆ ಸಾಲಿನ ಮುಂದೆ ಖಾಲಿ ಜಾಗವೊಂದು ಕಂಡಿತು. ಮುಳಬಾಗಿಲು ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಲೇ ದೊಡ್ಡವರಾದ ಮನುಷ್ಯ. ಚೀಲದಿಂದ ಟವಲ್ ತೆಗೆದು ನೆಲಕ್ಕೆ ಹಾಸಿ, ಪಕ್ಕದಲ್ಲಿ ಕೈಕಟ್ಟಿ ನಿಂತುಬಿಟ್ಟರು.

"ರೀ, ಏನಿದು? ತೆಗೀರಿ ಮೊದಲು!"

"ಸುಮ್ನಿರೇ, ಜಾಗ ಹಿಡಿದಿದೀನಿ."

ಅಷ್ಟರಲ್ಲಿ ದೊಡ್ಡದೊಂದು ಮೋಟಾರ್‌ಸೈಕಲ್‌ನಲ್ಲಿ ಜರ್ಮನ್ ದಂಪತಿ ಅಲ್ಲಿಗೇ ಬಂದರು. ಗಂಡ ಟವಲನ್ನು ಕಂಡು ಗಾಡಿ ನಿಲ್ಲಿಸಿದ. ಕ್ಷಮೆ ಕೇಳುವ ವಾಕ್ಯವನ್ನು ನಾನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆತನೋ, ನಮ್ಮವರಿಗೆ ಗೌರವದಿಂದ ವಂದಿಸಿ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡ! ರಜೆಯಲ್ಲಿ ಈಜುಕೊಳದ ಪಕ್ಕದ ಕುರ್ಚಿಗಳನ್ನು ತಮ್ಮವರೂ ಬೆಳ್ಳಂಬೆಳಗ್ಗೆ ಎದ್ದು ಹೀಗೆಯೇ ಹಿಡಿಯುತ್ತಾರೆಂದು ಆತನ ಹೆಂಡತಿ ವಿವರಿಸಿದಳು.

"ನೋಡಿದ್ಯಾ? ಮರ್ಯಾದಸ್ಥರ ದೇಶ ಕಣೇ" ಎಂದರು ನಮ್ಮವರು.

ನಿಂಬೆಹಣ್ಣು

ಜಾಗ ಸಿಕ್ಕಿತು, ಇನ್ನು ಶಾಸ್ತ್ರ. ಹ್ಯಾಂಬರ್ಗಿನ ಅಂಗಡಿಯಲ್ಲಿ ಕೊಂಡಿದ್ದ ಎರಡು ನಿಂಬೆಹಣ್ಣುಗಳನ್ನು ನಮ್ಮವರು ಚಕ್ರಗಳ ಕೆಳಗೆ ಇಟ್ಟರು. ಹಳದಿ ಅಂಗಿಯ ರೈಲು ಸಿಬ್ಬಂದಿ ಬಂದು, ನಿಮ್ಮ ಹಣ್ಣುಗಳು ಬಿದ್ದಿವೆ ಎಂದು ಎತ್ತಿಕೊಟ್ಟ. ಇವರು ಮತ್ತೆ ಇಟ್ಟರು. ಆತ ಮತ್ತೆ ಎತ್ತಿಕೊಟ್ಟ. ಇದು ಮುಗಿಯುವುದಿಲ್ಲವೆನಿಸಿ, ಗಾಡಿ ಇವನ್ನು ಜಜ್ಜಿಕೊಂಡೇ ಹೊರಡಬೇಕು, ಸುರಕ್ಷತೆಗಾಗಿ, ಎಂದು ನಾನು ಇಂಗ್ಲಿಷಿನಲ್ಲಿ ತಿಳಿಸಿದೆ.

ಸುರಕ್ಷತೆ ಎಂದೊಡನೆ ಆತನ ಮುಖ ಗಂಭೀರವಾಯಿತು. ಮಂಡಿಯೂರಿ, ಹಣ್ಣುಗಳನ್ನು ತಾನೇ ಚಕ್ರದ ನಟ್ಟನಡುವಿಗೆ ಸರಿಪಡಿಸಿ ಇಟ್ಟ. ಹಿಂದಿನ ಕಾರಿನವರು ಇದನ್ನೆಲ್ಲ ಗಮನವಿಟ್ಟು ನೋಡುತ್ತಿದ್ದರು. ಕೊನೆಗೆ ಗಾಜು ಇಳಿಸಿ, ತಮ್ಮ ನಿಂಬೆಹಣ್ಣುಗಳನ್ನು ಯಾವ ಕೌಂಟರಿನಲ್ಲಿ ಪಡೆಯಬೇಕೆಂದು ಕೇಳಿದರು.

ತಲೆ

ವಾಹನಗಳನ್ನು ಹೊರುವ ರೈಲುಡಬ್ಬಿಗೆ ಎರಡು ಅಂತಸ್ತು. ಮೋಟಾರ್‌ಸೈಕಲ್‌ಗಳು ಕೆಳಗಿನದಕ್ಕೆ ಹೋಗಬೇಕು. ಅದರ ಚಾವಣಿ ತೀರಾ ತಗ್ಗು. ಹಿಂದೆ ಕೂರುವವರು ಇಳಿಯಬೇಕು, ಓಡಿಸುವವರು ತಲೆಯನ್ನು ಪೂರ್ತಿ ಬಗ್ಗಿಸಿ ಗದ್ದವನ್ನು ಪೆಟ್ರೋಲ್ ಟ್ಯಾಂಕಿಗೆ ತಾಗಿಸಬೇಕು ಎಂದು ಹಳದಿ ಅಂಗಿಯವನು ಅಭಿನಯಿಸಿ ತೋರಿಸಿದ.

ನಾನು ಎತ್ತರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿದೆ. ಅಷ್ಟೊಂದು ಬಗ್ಗುವ ಅಗತ್ಯ ಕಾಣಲಿಲ್ಲ. ನಿಂಬೆಹಣ್ಣು ಜಜ್ಜಿ, ಗಾಡಿಯನ್ನು ಇಳಿಜಾರು ಹಲಗೆಯ ಮೇಲೆ ಏರಿಸಿದೆ.

ಡಣ್!

ಹೆಲ್ಮೆಟ್ಟಿಗೆ ಚಾವಣಿ ಬಡಿದ ಸದ್ದು ಇಡೀ ಅಂಗಳಕ್ಕೆ ಕೇಳಿಸಿತು. ಎಂಜಿನ್ ನಿಂತಿತು. ಎರಡೂ ಬ್ರೇಕ್ ಹಿಡಿದು, ಅರ್ಧ ಒಳಗೆ ಅರ್ಧ ಹೊರಗೆ ನಿಂತೆ. ಬಗ್ಗಲು ಆಗದಿದ್ದರೆ ಗಾಡಿಯನ್ನು ಇಳಿಸಿಬಿಡಿ, ಹೊರಡುವ ಹೊತ್ತಾಗಿದೆ, ಎಂದ ಹಳದಿ ಅಂಗಿಯವನು. ಹಿಂದೆ ಟವಲ್ ದಂಪತಿ, ಅವರ ಹಿಂದೆ ಇನ್ನಷ್ಟು ಸವಾರರು. ಅವರೆಲ್ಲರ ಆಚೆ, ನನ್ನ ಕಣ್ಣ ಮುಂದೆ, ಸೊಪ್ಪು ಕತ್ತರಿಸುತ್ತ ಕುಳಿತ ಅಕ್ಕ.

"ಬಗ್ಗೇ!" ನಮ್ಮವರ ಕೂಗು ಕೇಳಿಸಿತು. "ಮಹರಾಯ್ತಿ, ಒಂದ್ಸಲ ಬಗ್ಗೇ!"

ಬಗ್ಗಿದೆ. ಗದ್ದ ಟ್ಯಾಂಕಿಗೆ ತಾಗಿತು. ಎಂಜಿನ್ ಮತ್ತೆ ಚಾಲೂ ಮಾಡಿ, ಆ ಭಂಗಿಯಲ್ಲೇ ಡಬ್ಬಿಯ ತುದಿಯವರೆಗೆ ಗಾಡಿಯನ್ನು ಓಡಿಸಿದೆ. ಸಿಬ್ಬಂದಿ ಪಟ್ಟಿಗಳಿಂದ ಬಿಗಿದು ಕಟ್ಟಿದರು. ಹೊರಬಂದಾಗ ಟವಲ್ ದಂಪತಿ ಚಪ್ಪಾಳೆ ತಟ್ಟಿದರು. ನಮ್ಮವರು ಎರಡೂ ಕೈಗಳಿಂದ ಫೋನ್ ಹಿಡಿದು ನಿಂತಿದ್ದರು.

"ಅದೇನು ಮಾಡ್ತಿದೀರಿ?"

"ಅಕ್ಕಂಗೆ ವಿಡಿಯೋ ಕಳಿಸ್ದೆ. ನೀನೇ ಹತ್ತಿಸ್ದೆ ಅನ್ನೋದಕ್ಕೆ ಸಾಕ್ಷಿ ಬೇಡ್ವಾ?"

ಬೆಳಗ್ಗೆ ಆಲ್ಪ್ಸ್ ನಡುವಿನ ಇನ್ಸ್‌ಬ್ರುಕ್ ನಿಲ್ದಾಣದಲ್ಲಿ ಗಾಡಿ ಇಳಿಸಿಕೊಂಡು ನಿಂತಿದ್ದಾಗ ನಮ್ಮವರ ಫೋನಿಗೆ ಹುತ್ತೂರಿನಿಂದ ಅಕ್ಕನ ಧ್ವನಿಸಂದೇಶ ಬಂತು:

"ಲೇ, ಗಾಡಿ ಹತ್ತಿದ್ದು ಹಂಗಿರ್ಲಿ ಕಣೋ. ನಮ್ಮಮ್ಮನ ಕೈಲಿ ಜನ್ಮವೆಲ್ಲ ಆಗ್ದೇ ಇದ್ದಿದ್ದನ್ನ ಆ ಹಳದಿ ಅಂಗಿಯೋನು ಒಂದೇ ನಿಮಿಷದಲ್ಲಿ ಮಾಡಿಸ್ಬಿಟ್ನಲ್ಲೋ! ಬರುವಾಗ ಅವನನ್ನೂ ಕರ್ಕೊಂಡು ಬಾ. ನಮ್ಮ ಬಾಗ್ಲ ಹತ್ರ ನಿಲ್ಲಿಸ್ಕೊಳ್ತೀನಿ!"

ನಮ್ಮವರು ಅದನ್ನು ಮತ್ತೊಮ್ಮೆ ಹಾಕಿ ಕೇಳಿದರು. ಎದುರಿಗೆ ಹಿಮ ಹೊತ್ತ ಬೆಟ್ಟಗಳಿದ್ದವು. ನಾನು ಹೆಲ್ಮೆಟ್ಟನ್ನು ತಿರುಗಿಸಿ ನೋಡಿದೆ. ಅಷ್ಟು ಜೋರಾಗಿ ಬಡಿದಿದ್ದರೂ ಅದರ ಮೇಲೆ ಸಣ್ಣದೊಂದು ಗೀರು ಮಾತ್ರ ಇತ್ತು. ನನ್ನ ಹಣೆಯ ಮೇಲೆ ಅದೂ ಇರಲಿಲ್ಲ.

ಇನ್ನು ಮುಂದೆ ಹುತ್ತೂರಿನ ಮನೆಯೊಳಕ್ಕೆ ಹೆಲ್ಮೆಟ್ ಹಾಕಿಕೊಂಡೇ ಹೋಗುವುದೆಂದು ನಿರ್ಧರಿಸಿದೆ.