ಮೇಷ್ಟ್ರ ಎಡಗಾಲು

"ಕ್ಲಚ್ ಸವೆಯೋದಾ? ನನ್ನ ಹತ್ರಾನಾ? ಮೂವತ್ತು ವರ್ಷ ಊರಿಗೆಲ್ಲ ಕ್ಲಚ್ ಬಿಡೋದು ಕಲಿಸಿದ ಕಾಲು ಕಣೋ ಇದು!" ಎಂದು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಎಡತೊಡೆ ತಟ್ಟಿದರು.

ಎದುರಿಗಿದ್ದವನು ಹೆಂಡತಿಯ ತಮ್ಮ, ಕಾರ್ ಮೆಕ್ಯಾನಿಕ್. ಯಾರೋ ಕೈಬಿಟ್ಟಿದ್ದ ಹಳದಿ ಸೂಪರ್‌ಕಾರೊಂದನ್ನು ಕೊಂಡು, ಜೀವ ಬರಿಸಿ, ಅಕ್ಕನ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಶನಿವಾರ ಅದನ್ನು ಗ್ಯಾರೇಜಿಗೆ ತಲುಪಿಸುವ ಹೊಣೆ ಮೇಷ್ಟ್ರದು.

"ಭಾವ, ಇದಕ್ಕೆ ಕ್ಲಚ್ ಪೆಡಲ್ ಇಲ್ಲ. ಕ್ಲಚ್ಚನ್ನ ಗಾಡಿನೇ ಒತ್ತುತ್ತೆ, ಗಾಡಿನೇ ಬಿಡುತ್ತೆ. ಇಂಚಿಂಚೇ ತೆವಳಿಸಿದ್ರೆ ಸವೆಯುತ್ತೆ. ಏರಲ್ಲಿ ರಿವರ್ಸ್ ಹಾಕಿದ್ರಂತೂ ಮುಗೀತು ಕಥೆ. ಲ್ಯಾಪ್‌ಟಾಪ್ ಹಾಕಿ ನೋಡಿದೀನಿ, ಈಗ ಸವೆತ ಮೂವತ್ತೆಂಟು ಪರ್ಸೆಂಟ್."

"ಮೂವತ್ತೊಂಬತ್ತಾದ್ರೆ ಹಳೇ ಕಾರಿನ ಕೀಲಿ ನಿಮ್ಮಕ್ಕನಿಗೆ! ಸರಿನಾ?"

ಅಕ್ಕ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಓಡಿ ಬಂದರು. ಸುಮ್ಮನೆ ಅಲ್ಲ. ಹಳೇ ಕಾರೆಂದರೆ ಸ್ಕೂಲಿನ ಕಾರು. ಕಲಿಯುವವರಿಗೊಂದು, ಪಕ್ಕದಲ್ಲಿ ಕೂರುವ ಮೇಷ್ಟ್ರಿಗೊಂದು ಎಂದು ಎರಡೆರಡು ಕ್ಲಚ್ಚು, ಎರಡೆರಡು ಬ್ರೇಕು. ನಾಲ್ಕು ವರ್ಷದ ಹಿಂದೆ, ಲೈಸೆನ್ಸ್ ಬಂದ ವಾರವೇ, ಪಕ್ಕದಲ್ಲಿ ಮೇಷ್ಟ್ರನ್ನು ಕೂರಿಸಿಕೊಂಡು ಏರು ಹತ್ತಿಸುವಾಗ ಅಕ್ಕ ಕ್ಲಚ್ ಸುಟ್ಟಿದ್ದರು. ಅಂದಿನಿಂದ ಕೀಲಿ ಮೇಷ್ಟ್ರ ಜೇಬಿನಲ್ಲಿ, ಲೈಸೆನ್ಸ್ ಪರ್ಸಿನಲ್ಲಿ, ಹೆಂಡತಿ ಬಸ್ಸಿನಲ್ಲಿ!

ಶನಿವಾರ ಬಂತು. ಹೆಂಡತಿಯೂ ಪಕ್ಕದ ಸೀಟಿನಲ್ಲಿ ಕೂತು ಹೊರಟರು. ಮೊದಲ ಸಿಗ್ನಲ್ಲಿನಲ್ಲೇ ಮೇಷ್ಟ್ರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿತು. ಸಿಕ್ಕಿದ್ದು ಬ್ರೇಕು. ಗಂಡ ಹೆಂಡತಿ ಇಬ್ಬರೂ ಡ್ಯಾಶ್‌ಬೋರ್ಡಿಗೆ ತಲೆಬಾಗಿದರು.

"ಯಾರಿಗ್ರೀ ಅಡ್ಡಬಿದ್ದಿದ್ದು?"

"ಈ ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ!"

ಕೇಳದ ಕಾಲನ್ನು ಮಡಿಸಿ ಅದರ ಮೇಲೆಯೇ ಕೂತರು. ಸೂಪರ್‌ಕಾರಿನಲ್ಲಿ ಅರ್ಧ ಚಕ್ಕಳಮಕ್ಕಳ!

ಮುಂದೆ ಟ್ರಾಫಿಕ್ಕು. ತೆವಳಿಸಬಾರದಲ್ಲ? ಮೇಷ್ಟ್ರು ನ್ಯೂಟ್ರಲ್ಲಿಗೆ ಹಾಕಿ, ಮುಂದೆ ನಾಲ್ಕು ಕಾರಿನಷ್ಟು ಜಾಗ ತೆರವಾಗಲೆಂದು ಕಾದರು. ತೆರವಾದ ಜಾಗಕ್ಕೆ ಆಟೋ ನುಗ್ಗಿತು, ಹಾಲಿನ ವ್ಯಾನ್ ನುಗ್ಗಿತು, ಗ್ಯಾಸ್ ಸಿಲಿಂಡರ್ ಹೊತ್ತ ಸೈಕಲ್ಲೂ ನುಗ್ಗಿತು.

"ನೀವು ಜಾಗ ಕಾಯೋದು, ಊರೆಲ್ಲ ಬಂದು ಕೂರೋದು! ಹೀಗಾದ್ರೆ ಗ್ಯಾರೇಜಿಗೆ ಮೊಮ್ಮಕ್ಕಳೇ ತಲುಪಿಸ್ಬೇಕು."

ರೋಸಿಹೋದ ಮೇಷ್ಟ್ರು ಪಕ್ಕದ ಓಣಿಗೆ ತಿರುಗಿಸಿದರು. ಓಣಿ ಸೊಗಸಾಗಿ ಇಳಿಯಿತು. ಇಳಿದು ಇಳಿದು ಒಂದು ಲಾಂಡ್ರಿಯ ಹಿಂಬಾಗಿಲಲ್ಲಿ ಮುಗಿದೇ ಹೋಯಿತು.

"ಹಿಂದಕ್ಕೆ ತಗೊಳ್ಳಿ."

"ಏರಲ್ಲಿ ರಿವರ್ಸಾ? ಹುಚ್ಚಾ ನಿಂಗೆ?"

"ಹಾಗಾದ್ರೆ ಇಲ್ಲೇ ಸಂಸಾರ ಹೂಡೋಣ್ವಾ?"

ತಳ್ಳಲೆಂದು ಮೇಷ್ಟ್ರು ವೀರಾವೇಶದಿಂದ ಇಳಿದರು. ಜೋಮು ಹಿಡಿದ ಎಡಗಾಲು ಇಳಿಯಲಿಲ್ಲ. ಒಗೆಯದ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತು ಅಲ್ಲಿಂದಲೇ ಆಜ್ಞೆ ಕೊಡತೊಡಗಿದರು. ಹೆಂಡತಿ ಸ್ಟೀರಿಂಗ್ ಹಿಡಿದರು. ನಾನೂರು ಕುದುರೆಗಳ ಬಲದ ಕಾರನ್ನು ನಾಲ್ವರು ಲಾಂಡ್ರಿಯವರು ಏದುಸಿರು ಬಿಡುತ್ತ ಮೇಲಕ್ಕೆ ತಳ್ಳಿದರು!

ಮೇಷ್ಟ್ರು ಕುಂಟುತ್ತ ಬಂದಾಗ ಹೆಂಡತಿ ಸೀಟು ಬಿಡಲಿಲ್ಲ. "ಕಾಲಿಲ್ಲದೆ ಹೇಗೆ ಓಡಿಸ್ತೀರಿ? ಆ ಕಡೆ ಕೂತ್ಕೊಳ್ಳಿ."

ನಿಂತಾಗ ನ್ಯೂಟ್ರಲ್, ಜಾಗ ಕಂಡೊಡನೆ ಒಂದೇ ಸಲಕ್ಕೆ ಮುಂದೆ. ಹೆಂಡತಿ ಸಲೀಸಾಗಿ ಓಡಿಸಿದರು. ಜೋಮು ಇಳಿದ ಮೇಷ್ಟ್ರಿಗೆ ಜೀವ ಬಂತು. "ಕ್ಲಚ್! ಕ್ಲಚ್ ಒತ್ತೇ!" ಎಂದು ದಾರಿಯುದ್ದಕ್ಕೂ ಕೂಗಿದರು.

"ಎಲ್ಲಿದೆ ಅಂತ ಒತ್ಲಿ?"

ಗ್ಯಾರೇಜಿನಲ್ಲಿ ಭಾವಮೈದುನ ಲ್ಯಾಪ್‌ಟಾಪ್ ಸಿಕ್ಕಿಸಿದ. ಮೇಷ್ಟ್ರು ಕತ್ತು ಚಾಚಿ ಪರದೆ ನೋಡಿದರು. ಮೂವತ್ತೆಂಟು!

"ನೋಡಿದ್ಯಾ! ಕೀಲಿ ನನ್ನ ಜೇಬಲ್ಲೇ!"

ಭಾವಮೈದುನ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗಕ್ಕೆ ಬಗ್ಗಿ ನೋಡಿದ. ಹೊಸ ಮ್ಯಾಟು ಮುದ್ದೆಯಾಗಿ ಮುಂದಕ್ಕೆ ಹೋಗಿತ್ತು. ಅದರ ಮೇಲೆ ಎಡಗಾಲಿನ ಬೂಟಿನ ಅಚ್ಚು, ಒಂದರ ಮೇಲೊಂದು.

"ಭಾವ, ಇಲ್ಲದ ಕ್ಲಚ್ಚನ್ನೇ ಇಷ್ಟು ಒತ್ತಿದೀರಲ್ಲ. ಹಳೇ ಕಾರಲ್ಲಿ ನಿಮ್ಮ ಕಡೆ ನಿಜವಾದ ಕ್ಲಚ್ಚೇ ಇತ್ತು. ಆವತ್ತು ಆ ಏರಲ್ಲಿ ನಿಮ್ಮ ಕಾಲೆಲ್ಲಿತ್ತು?"

ಆವತ್ತು ತಮ್ಮ ಕಡೆಯ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿದ್ದ ಎಡಗಾಲು ಮೇಷ್ಟ್ರಿಗೆ ನೆನಪಾಯಿತು. ಹೆಂಡತಿಯ ನಾಲ್ಕು ವರ್ಷದ ಬಸ್ ಪ್ರಯಾಣ ಒಮ್ಮೆಲೇ ಕಣ್ಣಮುಂದೆ ಬಂದು ನಿಂತಿತು. ನಿಜಕ್ಕೂ ನಾಚಿಕೆಯಾಯಿತು. ಹೆಂಡತಿ ಅಂಗೈ ಚಾಚಿದರು. ಜೇಬಿನಿಂದ ಕೀಲಿ ತಾನಾಗಿಯೇ ಹೊರಬಂತು.

"ನಾಳೆಯಿಂದ ನಾನು ಓಡಿಸ್ತೀನಿ," ಎಂದರು ಹೆಂಡತಿ.

"ಪಕ್ಕದಲ್ಲಿ ನಾನಿರ್ತೀನಲ್ಲ, ಹೇಳ್ಕೊಡೋಕೆ."

"ಬೇಡ, ನೀವು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ಅಲ್ಲಿ ಪೆಡಲ್ ಇಲ್ಲ."